ಗುಂಡಿಯಿಂದ ಬಾವಿಗೆ 18 ಮೀಟರ್

5 ಸೆಂಟ್ಸ್ ಜಾಗವೊಂದನ್ನು ಕಾಗದದ ಮೇಲೆ ಬರೆದು ನೋಡಿ. 1 ಸೆಂಟ್ಸ್ ಎಂದರೆ ಸುಮಾರು 40.5 ಚದರ ಮೀಟರ್. 5 ಸೆಂಟ್ಸ್‌ಗೆ 202 ಚದರ ಮೀಟರ್ ಆಯಿತು. ಜಾಗ ಸರಿಯಾದ ಚೌಕವಾಗಿದ್ದರೆ ಒಂದೊಂದು ಬದಿ 14.2 ಮೀಟರ್, ಮೂಲೆಯಿಂದ ಮೂಲೆಗೆ 20 ಮೀಟರ್. ಬಾವಿಯನ್ನು ಈಶಾನ್ಯದಲ್ಲಿ ತೋಡುವುದು ನಮ್ಮಲ್ಲಿ ರೂಢಿ. ಶೌಚಾಲಯದ ಇಂಗುಗುಂಡಿ ಅದರಿಂದ ಆದಷ್ಟು ದೂರ ಇರಬೇಕೆಂದರೆ ಉಳಿಯುವುದು ನೈರುತ್ಯ ಮೂಲೆ. ಎರಡರ ನಡುಬಿಂದುವನ್ನೂ ಗಡಿಯಿಂದ ಒಂದೂವರೆ ಮೀಟರ್ ಒಳಗೆ ಇಟ್ಟರೆ ನಡುವಿನ ಅಂತರ 15.8 ಮೀಟರ್‌ಗೆ ಇಳಿಯುತ್ತದೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಹೇಳುವ ಅಂತರವಾದರೋ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ವಾಸದ ಕಟ್ಟಡದಿಂದ 6 ಮೀಟರ್. ಅಂದರೆ ಎಷ್ಟೇ ಒಳ್ಳೆಯ ಮನಸ್ಸಿನಿಂದ ಕಟ್ಟಿದರೂ ಈ ಜಾಗದಲ್ಲಿ ಲೆಕ್ಕ ಕೂಡುವುದಿಲ್ಲ. ಇನ್ನು ನೈರುತ್ಯದಲ್ಲಿ ಮೂಲೆಗೆ ಮೂಲೆ ತಾಗಿರುವ ನೆರೆಯವರ ಜಾಗವನ್ನೂ ಅದೇ ಕಾಗದದಲ್ಲಿ ಬರೆಯಿರಿ. ಅವರೂ ರೂಢಿಯಂತೆ ಈಶಾನ್ಯದಲ್ಲೇ ಬಾವಿ ತೋಡಿದ್ದರೆ ನಮ್ಮ ಗುಂಡಿಗೂ ಅವರ ಬಾವಿಗೂ ನಡುವೆ ಇರುವುದು ನಾಲ್ಕೇ ಕಾಲು ಮೀಟರ್. ಇಬ್ಬರೂ ತಮ್ಮ ತಮ್ಮ ಬಾವಿಯ ಮಟ್ಟಿಗೆ ಜಾಗ್ರತೆ ವಹಿಸಿದ್ದಾರೆ. ಆ ಜಾಗ್ರತೆಯೇ ಒಬ್ಬರ ಗುಂಡಿಯನ್ನು ಇನ್ನೊಬ್ಬರ ಬಾವಿಯ ಬುಡಕ್ಕೆ ತಂದಿಟ್ಟಿದೆ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬಗಳಲ್ಲಿ ಮನೆ, ಅಂಗಡಿ, ಹೊಟೇಲು ಕಟ್ಟುವಾಗ ಕೇಳಿಬರುವ ಪರವಾನಗಿ ಎಂಬ ಪದದ ನಿಜವಾದ ಅರ್ಥ ಈ ಚಿತ್ರದಲ್ಲಿದೆ. ಎರಡು ಜಾಗವನ್ನು ಒಂದೇ ಕಾಗದದಲ್ಲಿ ನೋಡುವವರು ಯಾರಾದರೂ ಬೇಕು. ಜಾಗದ ಯಜಮಾನರಿಗೂ ಪ್ಲಂಬರಿಗೂ ಇಂಜಿನಿಯರಿಗೂ ಕಾಣುವುದು ಒಂದೇ ಜಾಗ. ಎರಡನ್ನೂ ನೋಡುವ ಅಧಿಕಾರವಿರುವುದು ಪಂಚಾಯತು, ಪಟ್ಟಣ ಪಂಚಾಯತು, ನಗರಸಭೆಗಳಿಗೆ ಮಾತ್ರ.

18 ಎಂಬ ಸಂಖ್ಯೆಯ ಹಿಂದೆ ಕಾಲದ ಲೆಕ್ಕವಿದೆ. ಸೆಪ್ಟಿಕ್ ಟ್ಯಾಂಕು ನೀರನ್ನು ಶುದ್ಧ ಮಾಡುತ್ತದೆ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಟ್ಯಾಂಕಿನೊಳಗೆ ಗಟ್ಟಿ ಭಾಗ ತಳದಲ್ಲಿ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಕೋಟಿಗಟ್ಟಲೆ ರೋಗಾಣುಗಳೊಂದಿಗೆ ಇಂಗುಗುಂಡಿಗೆ ಹೋಗುತ್ತದೆ. ಮುಂದಿನ ಶುದ್ಧೀಕರಣವೆಲ್ಲ ಮಣ್ಣಿನ ಕೆಲಸ. ಮಣ್ಣಿನ ಕಣಗಳ ಸುತ್ತ ತೆಳುವಾದ ಪೊರೆಯಂತೆ ನೀರು ನಿಧಾನವಾಗಿ ಇಳಿಯುವಾಗ ಬ್ಯಾಕ್ಟೀರಿಯಾ ಸೋಸಲ್ಪಡುತ್ತವೆ, ವೈರಸ್ಸುಗಳು ಕಣಗಳಿಗೆ ಅಂಟಿಕೊಳ್ಳುತ್ತವೆ, ಮಣ್ಣಿನ ಜೀವಿಗಳು ಅವನ್ನು ತಿನ್ನುತ್ತವೆ, ಉಳಿದವು ಆಹಾರವಿಲ್ಲದೆ ಸಾಯುತ್ತವೆ. ಇದಕ್ಕೆಲ್ಲ ಸಮಯ ಬೇಕು. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಗಳ ಸುತ್ತ ರಕ್ಷಿತ ವಲಯ ಗುರುತಿಸುವಾಗ, ನೀರು ನೆಲದೊಳಗೆ 50 ದಿನ ಪಯಣಿಸಿ ಬಾವಿ ಸೇರುವಷ್ಟು ದೂರವನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ನೀರು ದಿನಕ್ಕೆ 36 ಸೆಂಟಿಮೀಟರ್ ಸಾಗುವ ನೆಲದಲ್ಲಿ 18 ಮೀಟರ್ ದಾಟಲು ಸರಿಯಾಗಿ 50 ದಿನ ಹಿಡಿಯುತ್ತದೆ. ಅದೇ ನೀರು ದಿನಕ್ಕೆ 3 ಮೀಟರ್ ಸಾಗಿದರೆ 6 ದಿನಕ್ಕೆ ಬಾವಿಯಲ್ಲಿರುತ್ತದೆ. ಆದ್ದರಿಂದ ಟೇಪು ಹಿಡಿದು ಅಳೆಯುವ ಅಂತರ ಅರ್ಧ ಉತ್ತರ ಮಾತ್ರ, ಉಳಿದರ್ಧ ನೆಲದಲ್ಲಿದೆ.

ನಮ್ಮ ನೆಲ ಯಾವುದು? ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು, ಇನ್ನೂ ಕೆಳಗೆ ಕರಿಬಂಡೆ. ಮುರಕಲ್ಲನ್ನು ಕತ್ತರಿಸಿದಾಗ ಕಾಣುವ ಹುಳ ಕೊರೆದಂಥ ತೂತುಗಳು ಒಂದಕ್ಕೊಂದು ಕೂಡಿಕೊಂಡ ನಾಳಗಳು. ಮಳೆನೀರು ಆ ನಾಳಗಳಲ್ಲಿ ಸೋಸದೆ ಸರಾಗವಾಗಿ ಇಳಿಯುತ್ತದೆ. ಶೇಡಿ ಮಣ್ಣು ಸಿಕ್ಕಿದೊಡನೆ ಕೆಳಗಿಳಿಯುವುದು ಕಷ್ಟವಾಗಿ ಅಡ್ಡಕ್ಕೆ ಹರಿಯತೊಡಗುತ್ತದೆ. ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಬರುವುದು ಈ ನೀರೇ. ಸುರಂಗ ಕೊರೆದವರು ಹುಡುಕಿದ್ದೂ ಇದನ್ನೇ. ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಆ ಜಾಣ್ಮೆ, ಈ ನೆಲದಲ್ಲಿ ನೀರು ಅಡ್ಡಕ್ಕೆ ಬಲು ದೂರ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿ. ಒರತೆಯನ್ನು ತರುವ ದಾರಿಯೇ ಮೇಲಿನ ಮನೆಯ ಇಂಗುಗುಂಡಿಯ ನೀರನ್ನೂ ಕೆಳಗಿನ ಮನೆಯ ಬಾವಿಗೆ ತರಬಲ್ಲದು. ಇದಕ್ಕೆ ಮಳೆಗಾಲವನ್ನು ಸೇರಿಸಿ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಏಪ್ರಿಲ್‌ನಲ್ಲಿ ಹಗ್ಗ ಸಾಲದ ಬಾವಿಯಲ್ಲಿ ಆಟಿ ತಿಂಗಳಿಗೆ ಕೈಗೆಟಕುವಷ್ಟು ನೀರಿರುತ್ತದೆ. ಬೇಸಿಗೆಯಲ್ಲಿ ಅಗೆದಾಗ ಒಣಗಿದ್ದ ಗುಂಡಿಯ ತಳ ಆಗ ಅಂತರ್ಜಲದಲ್ಲೇ ಮುಳುಗಿರುತ್ತದೆ. ಗಾಳಿಯಿರುವ ಒಣ ಮಣ್ಣಿನ ಪದರ, ಅಂದರೆ ಶುದ್ಧೀಕರಣದ ಮುಖ್ಯ ಘಟ್ಟ, ಇಲ್ಲವಾಗುತ್ತದೆ. ಎರಡು ಗುಂಡಿಗಳ ಶೌಚಾಲಯಕ್ಕೆ ದೇಶದಲ್ಲಿ ಬಳಕೆಯಲ್ಲಿರುವ ಮಾರ್ಗಸೂಚಿ ಈ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿದೆ. ಮಣ್ಣು ನುಣುಪಾಗಿದ್ದು, ವರ್ಷದ ಯಾವ ಕಾಲದಲ್ಲೂ ಗುಂಡಿಯ ತಳ ಅಂತರ್ಜಲಕ್ಕಿಂತ 2 ಮೀಟರ್ ಮೇಲಿದ್ದರೆ ಬಾವಿಯಿಂದ 3 ಮೀಟರ್ ಅಂತರ ಸಾಕು. ಅದೇ ಮಣ್ಣಿನಲ್ಲಿ ತಳ ನೀರಿಗೆ ಮುಳುಗುವುದಾದರೆ 10 ಮೀಟರ್ ಬೇಕು. ಮಣ್ಣು ಒರಟಾಗಿದ್ದರೆ ಗುಂಡಿಯ ತಳವನ್ನು ಮುಚ್ಚಿ ಸುತ್ತ ಅರ್ಧ ಮೀಟರ್ ದಪ್ಪಕ್ಕೆ ನುಣುಪು ಮರಳು ತುಂಬಬೇಕು. 3, 10, 18 ಪರಸ್ಪರ ವಿರುದ್ಧವಾದ ಸಂಖ್ಯೆಗಳಲ್ಲ. ಬೇರೆ ಬೇರೆ ನೆಲಕ್ಕೂ ಬೇರೆ ಬೇರೆ ರಚನೆಗೂ ಕೊಟ್ಟ ಉತ್ತರಗಳು. ತನ್ನ ನೆಲ ಯಾವುದೆಂದು ಕೇಳದೆ ಸಂಖ್ಯೆಯನ್ನಷ್ಟೇ ಹಿಡಿದುಕೊಂಡರೆ ಪ್ರಯೋಜನವಿಲ್ಲ.

ನೆಲದೊಳಗಿನ ಸಣ್ಣ ಅಂತರ ಎಷ್ಟು ದೊಡ್ಡ ಸಾವಿಗೆ ಕಾರಣವಾಗಬಹುದು ಎಂಬುದನ್ನು ಲಂಡನ್ನಿನ ಬ್ರಾಡ್ ಸ್ಟ್ರೀಟ್ 1854ರಲ್ಲೇ ತೋರಿಸಿತು. ಕಾಲರಾದಿಂದ 600ಕ್ಕೂ ಹೆಚ್ಚು ಜನ ಸತ್ತ ಆ ಕೇರಿಯಲ್ಲಿ ವೈದ್ಯ ಜಾನ್ ಸ್ನೋ ಒಂದು ಸಾರ್ವಜನಿಕ ಪಂಪಿನತ್ತ ಬೊಟ್ಟು ಮಾಡಿದರು. ಮುಂದಿನ ವರ್ಷ ಆ ಬಾವಿಯ ಪಕ್ಕದ ಮನೆಯ ಮಲಗುಂಡಿಯನ್ನು ಅಗೆದು ನೋಡಿದಾಗ ಅದರ ಇಟ್ಟಿಗೆ ಸಡಿಲಾಗಿತ್ತು, ಬಾವಿಗೂ ಅದಕ್ಕೂ ಇದ್ದ ಅಂತರ 3 ಅಡಿಗಿಂತ ಕಡಿಮೆ. ಬಾವಿಯ ನೀರು ನೋಡಲು ತಿಳಿಯಾಗಿತ್ತು, ರುಚಿಯೂ ಚೆನ್ನಾಗಿತ್ತು. ಮನೆಯವರಿಗೆ ತಮ್ಮ ಗುಂಡಿ ಬಾವಿಗೆ ಇಷ್ಟು ಹತ್ತಿರವಿದೆ ಎಂದು ತಿಳಿದಿರಲಿಲ್ಲ, ಬಾವಿಯ ನೀರು ಕುಡಿದವರಿಗೂ ತಿಳಿದಿರಲಿಲ್ಲ. ಎರಡನ್ನೂ ಒಟ್ಟಿಗೆ ತೋರಿಸುವ ನಕ್ಷೆ ಬಂದದ್ದು ಸಾವುಗಳಾದ ಮೇಲೆ. ಪರವಾನಗಿಯ ಕೆಲಸ ಆ ನಕ್ಷೆಯನ್ನು ಮೊದಲೇ ಬರೆಯುವುದು.

ಇಂದು ನಮ್ಮಲ್ಲಿರುವ ಅನುಮತಿಗಳನ್ನು ಈ ಕಣ್ಣಿನಿಂದ ನೋಡಿದರೆ ಗೊಂದಲ ಕಡಿಮೆಯಾಗುತ್ತದೆ. ಪುತ್ತೂರಿನದು ನಗರಸಭೆ, ಸುಳ್ಯ ಮತ್ತು ಕಡಬ ಪಟ್ಟಣ ಪಂಚಾಯತುಗಳು. ಇವು ಮೂರೂ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಅಡಿ ಬರುತ್ತವೆ. ಅದರ 187ನೇ ಪ್ರಕರಣದಂತೆ ಹೊಸ ಕಟ್ಟಡಕ್ಕೆ ಮೊದಲೇ ತಿಳಿಸಿ ಅನುಮತಿ ಪಡೆಯಬೇಕು. ಪಟ್ಟಣದ ಗಡಿ ದಾಟಿದರೆ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣ ಗ್ರಾಮ ಪಂಚಾಯತಿಗೆ ಅದೇ ಅಧಿಕಾರ ಕೊಡುತ್ತದೆ. ಜಾಗಕ್ಕೆ 9/11 (ನಮೂನೆ 9 ಮತ್ತು 11ರ ಆಸ್ತಿ ದಾಖಲೆ) ಆಗಿದೆ ಎಂದ ಮಾತ್ರಕ್ಕೆ ಕಟ್ಟುವ ಅನುಮತಿ ಸಿಕ್ಕಿತು ಎಂದಲ್ಲ, ಎರಡೂ ಬೇರೆ. ನಳ್ಳಿ ಸಂಪರ್ಕಕ್ಕೆ ನೀರು ಕೊಡುವ ಸಂಸ್ಥೆಗೇ ಅರ್ಜಿ. ಪೈಪು ರಸ್ತೆ ದಾಟುವುದಾದರೆ ರಸ್ತೆ ಯಾರದೋ ಅವರ ಒಪ್ಪಿಗೆ: ಒಳರಸ್ತೆಗೆ ಸ್ಥಳೀಯ ಸಂಸ್ಥೆ, ಪುತ್ತೂರು ಮತ್ತು ಸುಳ್ಯದಲ್ಲಿ ಹಾದುಹೋಗುವ ಮಾಣಿ–ಮೈಸೂರು ಹೆದ್ದಾರಿ 275ಕ್ಕೆ ಹೆದ್ದಾರಿಯ ಅಧಿಕಾರಿಗಳು. ಕೊಳವೆಬಾವಿ ಕೊರೆಸುವುದಾದರೆ 1999ರ ಕಾಯ್ದೆಯೊಂದಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ತೆರೆದ ಕೊಳವೆಬಾವಿಗೆ ಮಕ್ಕಳು ಬೀಳುವುದನ್ನು ತಡೆಯಲು 2010ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನದಂತೆ, ಕೊರೆಯುವ 15 ದಿನ ಮೊದಲು ಸ್ಥಳೀಯ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು, ಕೇಸಿಂಗಿನ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಬೇಕು, ಬಾಯಿಗೆ ಮುಚ್ಚಳ ಹಾಕಬೇಕು. ಆ ಕಟ್ಟೆ ಮಗುವನ್ನು ಕಾಯುವುದರ ಜೊತೆಗೆ ನೀರನ್ನೂ ಕಾಯುತ್ತದೆ. ಕೇಸಿಂಗಿನ ಸುತ್ತ ಸಂದು ಬಿಟ್ಟರೆ ಅಂಗಳದ ಕೊಳಕು ನೀರಿಗೆ ಆಳಕ್ಕಿಳಿಯಲು ನೇರ ದಾರಿ ಸಿಕ್ಕಂತೆ. ಇಷ್ಟೆಲ್ಲ ಅನುಮತಿಗಳು ಬೇರೆ ಬೇರೆ ಕಚೇರಿಗಳಲ್ಲಿ ಚದುರಿದ್ದರೂ ಎಲ್ಲದರ ಒಳತಿರುಳು ಒಂದೇ: ನಾನು ಮುಟ್ಟುವ ನೀರು ನನ್ನೊಬ್ಬನದಲ್ಲ.

ಮನೆಗೂ ವಾಣಿಜ್ಯ ಕಟ್ಟಡಕ್ಕೂ ನಿಯಮ ಬೇರೆಯಾಗಲು ಕಾರಣ ಪ್ರಮಾಣ. ಐಎಸ್ 1172ರ ಲೆಕ್ಕದಲ್ಲಿ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ವಸತಿ ಹೊಟೇಲಿನಲ್ಲಿ ಒಂದು ಹಾಸಿಗೆಗೆ 180, ಊಟದ ಹೊಟೇಲಿನಲ್ಲಿ ಒಂದು ಆಸನಕ್ಕೆ 70, 100 ಹಾಸಿಗೆ ಮೀರದ ಆಸ್ಪತ್ರೆಯಲ್ಲಿ ಒಂದು ಹಾಸಿಗೆಗೆ 340. ಐದು ಜನರ ಮನೆಗೆ 675 ಲೀಟರ್ ಸಾಕಾದರೆ, 60 ಹಾಸಿಗೆಯ ವಸತಿಗೃಹಕ್ಕೂ ಅದರ ಕೆಳಗಿನ 50 ಆಸನದ ಊಟದ ಹೊಟೇಲಿಗೂ ಸೇರಿ 14,300 ಲೀಟರ್ ಬೇಕು. ಬಳಸಿದ್ದರ ಬಹುಪಾಲು ಕೊಳಕಾಗಿ ಹೊರಬರುತ್ತದೆ. 21 ಮನೆಗಳ ನೀರನ್ನು ಒಂದು ಮನೆಯ ಗುಂಡಿಯಂಥ ಗುಂಡಿಗೆ ಬಿಟ್ಟರೆ ಮಣ್ಣಿನ ತೂತುಗಳು ಜಿಡ್ಡಿನಿಂದ ಮುಚ್ಚಿ ನೀರು ಅಂಗಳಕ್ಕೆ ಉಕ್ಕುತ್ತದೆ, ಇಲ್ಲವೇ ಒಂದೇ ದಾರಿ ಹಿಡಿದು ರಭಸದಿಂದ ಹರಿಯುತ್ತದೆ. ಹೊಟೇಲಿನ ಅಡುಗೆಮನೆಗೆ ಜಿಡ್ಡು ತಡೆಯುವ ತೊಟ್ಟಿ ಬೇಕೆನ್ನುವುದು, ಉದ್ದಿಮೆ ಪರವಾನಗಿ ಪ್ರತ್ಯೇಕವಾಗಿ ಕೇಳುವುದು, ಕೊಳಚೆ ಹೊರಬಿಡುವ ಘಟಕಗಳಿಗೆ 1974ರ ಜಲ ಮಾಲಿನ್ಯ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೆನ್ನುವುದು ಈ ಕಾರಣಕ್ಕೆ. ಯಾತ್ರಿಕರಿಂದ ತುಂಬುವ ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬ ತಾಲೂಕಿನಲ್ಲಿದೆ; ಅಲ್ಲಿನ ಕುಮಾರಧಾರೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸಂಗಮಕ್ಕೆ ಮೊದಲು ನೆಕ್ಕಿಲಾಡಿಯಲ್ಲಿ ಅದೇ ನೀರನ್ನು ಎತ್ತಿ ಪುತ್ತೂರಿಗೆ ಕೊಡಲಾಗುತ್ತದೆ, ಸಂಗಮದ ನಂತರ ತುಂಬೆಯಲ್ಲಿ ಎತ್ತಿ ಮಂಗಳೂರಿಗೆ. ಸುಳ್ಯ ಪಟ್ಟಣ ಕಲ್ಲುಮುಟ್ಲುವಿನಲ್ಲಿ ಪಯಸ್ವಿನಿಯ ನೀರೆತ್ತುತ್ತದೆ. ಗಡಿ ದಾಟಿ ಚಂದ್ರಗಿರಿಯಾಗುವ ಆ ಹೊಳೆಯ ನೀರನ್ನೇ ಕಾಸರಗೋಡು ಕುಡಿಯುತ್ತದೆ. ಒಂದು ಕಟ್ಟಡದ ಕೊಳಾಯಿ ನಕ್ಷೆ ಸ್ಥಳೀಯ ವಿಷಯ ಎನ್ನುತ್ತೇವೆ. ನೀರು ಅಷ್ಟಕ್ಕೇ ನಿಲ್ಲುವುದಿಲ್ಲ.

ಇನ್ನು ಗೋಡೆಯೊಳಗಿನ ಪೈಪುಗಳು. ಮನೆಯೊಳಗೆ ಏನು ಮಾಡಿಕೊಂಡರೂ ನೆರೆಯವರಿಗೇನು ಎಂಬ ಪ್ರಶ್ನೆ ಸಹಜ. ನಳ್ಳಿಯಲ್ಲಿ ನೀರು ಸಾಲುವುದಿಲ್ಲವೆಂದು ಬೀದಿಯ ಪೈಪಿಗೆ ನೇರವಾಗಿ ಪಂಪು ಜೋಡಿಸುವುದನ್ನು ತೆಗೆದುಕೊಳ್ಳಿ. ಪೈಪಿನಲ್ಲಿ ಒತ್ತಡವಿರುವಷ್ಟು ಹೊತ್ತು ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ಪಂಪು ಎಳೆದಾಗ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಇಳಿದು, ಅದೇ ಬಿರುಕಿನಿಂದ ಚರಂಡಿಯ ನೀರು ಒಳಗೆ ಬರುತ್ತದೆ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರಿನಲ್ಲಿ ಈ ಅಪಾಯ ದಿನವೂ ಇದೆ, ಅದನ್ನು ಕುಡಿಯುವವರು ಪಂಪು ಇಟ್ಟವರೊಬ್ಬರೇ ಅಲ್ಲ. ಬೀದಿಯ ನೀರನ್ನು ಮೊದಲು ನೆಲದ ತೊಟ್ಟಿಗೆ ಬಿಟ್ಟು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸಬೇಕೆಂಬ ನಿಯಮದ ಅರ್ಥ ಇದು. ಬಚ್ಚಲು ಮತ್ತು ಕಮೋಡಿನ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ನಿಲ್ಲಬೇಕಾದ ಸುಮಾರು 50 ಮಿಲಿಮೀಟರ್ ನೀರಿನದೂ ಇದೇ ಕಥೆ. ಗುಂಡಿಯ ಗಾಳಿಯನ್ನು ಮನೆಯಿಂದ ಬೇರ್ಪಡಿಸುವುದು ಆ ಎರಡಂಗುಲದ ನೀರು ಮಾತ್ರ. ಗಾಳಿಕೊಳವೆ ಇಡದಿದ್ದರೆ ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಕೆಳಗಿನ ಮಹಡಿಯ ಆ ನೀರು ಸೆಳೆದು ಹೋಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗಲಿದಾಗ ತನಿಖೆ ಬೊಟ್ಟು ಮಾಡಿದ್ದು ಒಣಗಿದ ಇಂಥ ಬಾಗುಪೈಪುಗಳತ್ತ. ಬಚ್ಚಲಿನ ಫ್ಯಾನು ಕೊಳಚೆ ಪೈಪಿನ ಗಾಳಿಯನ್ನು ಒಳಗೆ ಎಳೆದಿತ್ತು. ಕೋಣೆಯ ಗೋಡೆ ಓರೆಯಾದರೆ ಮುಂದೆಯೂ ಕಾಣುತ್ತದೆ. ಪೈಪಿನ ತಪ್ಪು ಗಾರೆ ಬಳಿದ ಮೇಲೆ ಕಾಣುವುದಿಲ್ಲ. ಆದ್ದರಿಂದಲೇ ಪರಿಶೀಲನೆ ಮಣ್ಣು ಮುಚ್ಚುವ, ಗಾರೆ ಬಳಿಯುವ ಮೊದಲೇ ನಡೆಯಬೇಕು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು: ನಮ್ಮ ಹಿರಿಯರು ಯಾವ ಅನುಮತಿಯನ್ನೂ ಕೇಳದೆ ಬಾವಿ ತೋಡಿದರು, ಆ ನೀರು ಕುಡಿದು ಬಾಳಿದರು. ನಿಜ, ಆದರೆ ಆ ನೀರನ್ನು ಕಾದದ್ದು ಆ ಕಾಲದ ಜನವಸತಿಯ ರೀತಿ. ಅಡಕೆ ತೋಟ, ಮಜಲು, ಬೈಲುಗಳ ನಡುವೆ ಒಂದು ಮನೆಯಿಂದ ಇನ್ನೊಂದು ಮನೆ ಕೂಗಳತೆಯಲ್ಲಿತ್ತು. ಬಳಸುವ ನೀರು ಬಾವಿಯಿಂದ ಸೇದಿ ಹೊತ್ತು ತಂದದ್ದು, ಆದ್ದರಿಂದ ಕಡಿಮೆ. ಫ್ಲಶ್ ಇರಲಿಲ್ಲ, ಇಂಗುಗುಂಡಿಯೇ ಇರಲಿಲ್ಲ. ಆಗಲೂ ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದರು. ಅದನ್ನು ಯಾರೂ ಬಾವಿಯೊಂದಿಗೆ ಜೋಡಿಸಿ ನೋಡುತ್ತಿರಲಿಲ್ಲ. ಇಂದು ಅದೇ ತೋಟದ ಅಂಚು ಐದೈದು ಸೆಂಟ್ಸ್ ಜಾಗಗಳಾಗಿದೆ, ಪ್ರತಿ ಮನೆಯಲ್ಲೂ ಎರಡು ಮೂರು ಶೌಚಾಲಯಗಳಿವೆ. ಹಳೆಯ ಸ್ವಾತಂತ್ರ್ಯ ಹಳೆಯ ಅಂತರದ ಫಲವಾಗಿತ್ತು. ಅಂತರವನ್ನು ಬಿಟ್ಟುಕೊಟ್ಟು ಸ್ವಾತಂತ್ರ್ಯವನ್ನು ಮಾತ್ರ ಇಟ್ಟುಕೊಳ್ಳಲು ಆಗುವುದಿಲ್ಲ.

ಎರಡನೆಯದು: ನೀರನ್ನು ಕುದಿಸಿ ಆರಿಸಿ ಕುಡಿಯುತ್ತೇವೆ, ಬಾವಿ ಹೇಗಿದ್ದರೇನು? ಕುದಿಸಿದರೆ ರೋಗಾಣು ಸಾಯುತ್ತದೆ, ಇದು ಒಳ್ಳೆಯ ಅಭ್ಯಾಸ, ಬಿಡಬಾರದು. ಆದರೆ ಮಲಮೂತ್ರದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ನೀರಿಗಿಳಿಯುತ್ತದೆ. ಅದು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕುಡಿಯುವ ನೀರಿನ ಮಾನಕವಾದ ಐಎಸ್ 10500 ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟನ್ನು ಒಪ್ಪುವುದಿಲ್ಲ. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ. ಕೊಲಿ ಇರಬಾರದು ಎನ್ನುತ್ತದೆ. ಇಷ್ಟಕ್ಕೂ ಹಲ್ಲುಜ್ಜುವ ನೀರು, ಹಣ್ಣು ತೊಳೆಯುವ ನೀರು, ಮಗು ಮೀಯುವಾಗ ಬಾಯಿಗೆ ಹೋಗುವ ನೀರು ಯಾವ ಮನೆಯಲ್ಲೂ ಕುದಿಸಿದ್ದಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಪರವಾನಗಿ ಎಂದರೆ ಅಲೆದಾಟ, ವಿಳಂಬ, ಮೇಜಿನ ಕೆಳಗಿನ ಖರ್ಚು; ಇಷ್ಟಾದರೂ ಸಿಗುವುದು ಕಾಗದವೇ ಹೊರತು ಶುದ್ಧ ನೀರಲ್ಲ. 5 ಸೆಂಟ್ಸ್‌ನಲ್ಲಿ 18 ಮೀಟರ್ ಸಾಧ್ಯವೇ ಇಲ್ಲವೆಂದಾದರೆ ನಿಯಮ ಬಡವರ ಮನೆಯನ್ನು ಅಕ್ರಮ ಮಾಡುವುದಕ್ಕಷ್ಟೇ ಉಪಯೋಗ. ಈ ಮಾತಿನ ಮೊದಲರ್ಧಕ್ಕೆ ಕಾನೂನಿನಲ್ಲೇ ಉತ್ತರವಿದೆ. 2011ರ ಸಕಾಲ ಅಧಿನಿಯಮ ಕಟ್ಟಡ ಪರವಾನಗಿ, ನಳ್ಳಿ ಸಂಪರ್ಕದಂಥ ಸೇವೆಗಳಿಗೆ ದಿನ ನಿಗದಿ ಮಾಡಿದೆ, ತಡವಾದರೆ ಮೇಲ್ಮನವಿಗೆ ದಾರಿ ಕೊಟ್ಟಿದೆ. ಸ್ವೀಕೃತಿ ಪತ್ರ ಕೇಳಿ ಪಡೆಯುವುದು ಅರ್ಜಿದಾರರ ಹಕ್ಕು. ಉತ್ತರಾರ್ಧ ನಿಯಮದ ವಿರುದ್ಧ ಹೋಗುವುದಿಲ್ಲ, ನಿಯಮವನ್ನು ಬಳಸುವ ರೀತಿಯ ವಿರುದ್ಧ ಹೋಗುತ್ತದೆ. 18 ಮೀಟರ್ ಸಿಗದ ಜಾಗಕ್ಕೆ ಪರವಾನಗಿ ಕೊಡುವವರು ಇಲ್ಲ ಎನ್ನಬೇಕಾಗಿಲ್ಲ. ಹಾಗಾದರೆ ಹೇಗೆ ಎಂದು ಕೇಳಬೇಕು. ತಳ ಮುಚ್ಚಿ ಸುತ್ತ ಮರಳು ತುಂಬಿದ ಗುಂಡಿ ಸಾಧ್ಯ. ಗುಂಡಿಯನ್ನು ಇಳಿಜಾರಿನಲ್ಲಿ ಬಾವಿಗಿಂತ ಕೆಳಗೆ ಇಡುವುದು ಸಾಧ್ಯ. ನಾಲ್ಕು ಮನೆಗಳಿಗೆ ಒಂದೇ ಬಾವಿ, ಗುಂಡಿಗಳೆಲ್ಲ ಅದರಿಂದ ದೂರದ ಒಂದೇ ಬದಿಯಲ್ಲಿ ಎಂಬ ಒಪ್ಪಂದ ಸಾಧ್ಯ. ನಳ್ಳಿ ನೀರು ಬರುವ ಕಡೆ ಹೊಸ ಬಾವಿಯನ್ನೇ ಬಿಡುವುದು ಸಾಧ್ಯ. ಇವುಗಳಲ್ಲಿ ಕೊನೆಯದನ್ನು ಬಿಟ್ಟರೆ ಯಾವುದನ್ನೂ ನೆರೆಯ ಜಾಗ ಎಲ್ಲಿದೆ, ಹೇಗಿದೆ ಎಂದು ತಿಳಿಯದೆ ಒಬ್ಬರೇ ಸರಿಯಾಗಿ ನಿರ್ಧರಿಸಲಾಗದು.

ಹಾಗಾದರೆ ಅರ್ಜಿಯಲ್ಲಿ ಇರಬೇಕಾದದ್ದೇನು? ರಸ್ತೆಯಿಂದ ಎಷ್ಟು ಬಿಟ್ಟಿದ್ದೀರಿ, ಎಷ್ಟು ಮಹಡಿ ಎಂಬ ಪ್ರಶ್ನೆಗಳ ಜೊತೆ ಇನ್ನು ನಾಲ್ಕು. ಜಾಗದ ಸುತ್ತ 30 ಮೀಟರ್ ಒಳಗಿನ ಎಲ್ಲ ಬಾವಿ, ಕೊಳವೆಬಾವಿ, ಗುಂಡಿಗಳು ಎಲ್ಲಿವೆ? ಮಳೆಗಾಲದಲ್ಲಿ ಪಕ್ಕದ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆ? ಇಳಿಜಾರು ಯಾವ ಕಡೆಗೆ? ಟ್ಯಾಂಕನ್ನು ಖಾಲಿ ಮಾಡುವ ಸಕ್ಕಿಂಗ್ ವಾಹನದ ಕೊಳವೆ ಅಲ್ಲಿಗೆ ತಲುಪುತ್ತದೆಯೇ? ಕೊನೆಯ ಪ್ರಶ್ನೆ ಮನುಷ್ಯರ ಜೀವಕ್ಕೆ ಸಂಬಂಧಿಸಿದ್ದು. ರಕ್ಷಣೆಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೆ ದರೆಯ ಕೆಳಗೆ, ಮನೆಯ ಹಿಂದೆ, ವಾಹನ ಹೋಗದ ಕಡೆ ಟ್ಯಾಂಕು ಕಟ್ಟಿದ ದಿನವೇ ಮುಂದೊಂದು ದಿನ ಯಾರನ್ನೋ ಒಳಗಿಳಿಸುವ ಒತ್ತಡವನ್ನೂ ಕಟ್ಟಿದಂತಾಗುತ್ತದೆ. ಈ ನಾಲ್ಕಕ್ಕೂ ದುಬಾರಿ ಉಪಕರಣ ಬೇಡ. ಅಳತೆ ಟೇಪು, ಬಾವಿಗೆ ಇಳಿಬಿಡುವ ಹಗ್ಗ, ನೆರೆಯವರೊಂದಿಗೆ ಒಂದು ಮಾತು ಸಾಕು. ಪರವಾನಗಿ ಕೊಡುವ ಕಚೇರಿ ಅವನ್ನು ಕೇಳತೊಡಗಿದರೆ, ಆ ದಾಖಲೆಗಳೇ ಕೆಲವು ವರ್ಷಗಳಲ್ಲಿ ಪ್ರತಿ ಗ್ರಾಮದ ನೆಲದೊಳಗಿನ ನಕ್ಷೆಯಾಗುತ್ತವೆ.

ಮೊದಲು ಬರೆದ ಕಾಗದಕ್ಕೆ ಮತ್ತೆ ಬರೋಣ. ಮೂಲೆಗೆ ಮೂಲೆ ತಾಗಿದ ಎರಡು ಜಾಗ, ನಾಲ್ಕೇ ಕಾಲು ಮೀಟರ್ ಅಂತರದಲ್ಲಿ ಒಬ್ಬರ ಗುಂಡಿ, ಇನ್ನೊಬ್ಬರ ಬಾವಿ. ನಡುವೆ ಆಳೆತ್ತರದ ಮುರಕಲ್ಲಿನ ಆವರಣ ಗೋಡೆ ಇರಬಹುದು. ಅದರ ಪಾಯ ನೆಲದಡಿ ಮೂರಡಿಗೇ ಮುಗಿಯುತ್ತದೆ, ನೀರು ನಡೆಯುವುದು ಅದಕ್ಕೂ ಕೆಳಗೆ. ಈ ಇಬ್ಬರಲ್ಲಿ ತಡವಾಗಿ ಮನೆ ಕಟ್ಟುವವರು ಅರ್ಜಿ ಹಾಕಿದ ದಿನ ಒಬ್ಬ ಅಧಿಕಾರಿ ಸ್ಥಳಕ್ಕೆ ಬಂದು ಗೋಡೆಯಾಚೆ ಇಣುಕಿ, ಗುಂಡಿಯನ್ನು ಎರಡೂ ಬಾವಿಗಳಿಂದ ಆದಷ್ಟು ದೂರ ತೋಡಿ, ತಳ ಮುಚ್ಚಿ, ಸುತ್ತ ಮರಳು ತುಂಬಿ ಎಂದರೆ ಸಾಕು. ಅಷ್ಟು ಹೇಳಿದ ಪರವಾನಗಿ ತನ್ನ ಕೆಲಸ ಮಾಡಿದೆ. ಆ ಮಾತು ಇಲ್ಲದೆ ಬಂದ ಪರವಾನಗಿಯಲ್ಲಿ ಮುದ್ರೆ, ಸಹಿ ಎಲ್ಲವೂ ಸರಿಯಾಗಿದ್ದರೂ ಬಾವಿಯ ಮಟ್ಟಿಗೆ ಅದು ಇನ್ನೂ ಬಂದಿಲ್ಲ.